ಯತಿಗಳ ಉಪಚಾರ

ಹಾನಗಲ್ಲಿನ ಆ ಚಿಕ್ಕ ಪದವಿ ಕಾಲೇಜಿನ ವೇಳಾಪಟ್ಟಿಯಲ್ಲಿ ಬುಧವಾರದ ಮೂರನೆಯ ಅವಧಿಯು ‘ಗ್ರಂಥಾಲಯ ಪರಿಚಯ’ವೆಂದು ಅಚ್ಚಾಗಿದೆ. ಹುಡುಗರ ಬಾಯಲ್ಲಿ ಅದರ ಹೆಸರು ‘ಆಚಾರ್ರ ಪುರಾಣ’. ಪುರಾಣವೆಂದ ಮೇಲೆ ಕೇಳುವವರು ತೂಕಡಿಸುವುದು ಲೋಕರೂಢಿ; ಇಲ್ಲಿ ಮಾತ್ರ ಯಾರಿಗೂ ಆ ಭಾಗ್ಯವಿಲ್ಲ. ಗ್ರಂಥಪಾಲಕ ಸುಯಮೀಂದ್ರಾಚಾರ್ಯರು ಮಾತಿನ ನಡುವೆ ಥಟ್ಟನೆ ನಿಂತು, ಹಿಂದಿನ ಬೆಂಚಿನವನೊಬ್ಬನತ್ತ ಬೆರಳು ನೀಡಿ, ಈ ಊರಿಗೆ ಹಾನಗಲ್ಲೆಂದು ಹೆಸರೇಕೆ ಬಂತೆಂದು ಕೇಳುವರು. ಅವನು ಏನಾದರೊಂದು ಹೇಳುವನು. ಆಮೇಲೆ ಬರುವುದೇ ನಿಜವಾದ ಪ್ರಶ್ನೆ: ‘ನಿನಗ ಹೆಂಗ ಗೊತ್ತು?’

ಮೂವತ್ತು ವರ್ಷಗಳಿಂದ ಪ್ರತಿ ಹೊಸ ತಂಡಕ್ಕೂ ಅವರು ಕಲಿಸುತ್ತ ಬಂದದ್ದು ಇಷ್ಟೇ. ಪುಸ್ತಕ ಹುಡುಕುವುದು ಸುಲಭ, ಕಂಡದ್ದನ್ನು ನಂಬಬೇಕೋ ಬಾರದೋ ಎಂಬುದನ್ನು ತಿಳಿಯುವುದು ಕಠಿನ. ಆ ಕಠಿನವಾದುದನ್ನು ಕಲಿಯುವುದಕ್ಕಾಗಿಯೇ ಗ್ರಂಥಾಲಯವೆಂಬುದು ಹುಟ್ಟಿದೆ. ಅವರ ಮನೆತನದಲ್ಲಿ ಮೂರು ತಲೆಮಾರಿನವರು ತಾಳೆಗರಿ ಬಿಚ್ಚಿ ಶಾಸ್ತ್ರಪಾಠ ಹೇಳಿದವರು. ನಾಲ್ಕನೆಯವರಾದ ಇವರು ಸಂಬಳಕ್ಕೆ ಪುಸ್ತಕ ಕಾಯುವ ಕೆಲಸ ಹಿಡಿದರಾದರೂ, ಹಿರಿಯರ ಪಾಠವನ್ನು ಬೇರೆ ಬಾಗಿಲಿನಿಂದ ಒಳಗೆ ತಂದುಬಿಟ್ಟಿದ್ದರು. ಪ್ರತ್ಯಕ್ಷ, ಅನುಮಾನ, ಆಗಮವೆಂಬ ಮೂರು ಪ್ರಮಾಣಗಳನ್ನು ಕ್ಯಾಂಟೀನಿನ ಮಿರ್ಚಿಯ ಮೇಲೆ ವಿವರಿಸುವುದು ಅವರ ಪದ್ಧತಿ. ಎಣ್ಣೆಯ ಹೊಗೆ ಕಂಡು ಒಳಗೆ ಮಿರ್ಚಿ ಕರಿಯುತ್ತಿದ್ದಾರೆಂದು ಊಹಿಸಿದಿರಾದರೆ ಅದು ಅನುಮಾನ. ಹಲಗೆಯ ಮೇಲೆ ‘ಮಿರ್ಚಿ ಇದೆ’ ಎಂದು ಬರೆದದ್ದನ್ನು ಓದಿದಿರಾದರೆ ಆಗಮ. ತಟ್ಟೆಗೆ ಬಿದ್ದು ನಾಲಗೆ ಸುಟ್ಟಿತಾದರೆ ಪ್ರತ್ಯಕ್ಷ. ಹುಡುಗರು ನಗುವರು, ಆದರೆ ಮರೆಯರು.

ಇದನ್ನೇ ಅವರು ಮೂರು ಪ್ರಶ್ನೆಗಳಾಗಿ ಒಡೆದು, ಕೆಂಪು ಮಸಿಯಲ್ಲಿ ಬರೆದು, ಓದುವ ಕೋಣೆಯ ಗೋಡೆಗೆ ಅಂಟಿಸಿದ್ದರು: ಯಾರು ಹೇಳಿದರು? ಕಂಡು ಹೇಳಿದರೋ, ಕೇಳಿ ಹೇಳಿದರೋ? ನೀನು ತೆರೆದು ನೋಡಿದೆಯಾ? ಮೊಬೈಲಿನ ಮೇಲೂ ಅವರಿಗೆ ದ್ವೇಷವಿರಲಿಲ್ಲ. ಅದು ಊರ ಮುಂದಿನ ಕಟ್ಟೆಯಿದ್ದಂತೆ, ಅಲ್ಲಿ ಎಲ್ಲ ಸುದ್ದಿಯೂ ಸಿಗುತ್ತದೆ, ಆದರೆ ಕಟ್ಟೆಯ ಮೇಲೆ ಕೇಳಿದ್ದನ್ನು ಮನೆಗೆ ಬಂದು ಸೋಸಬೇಕು ಎನ್ನುವರು. ಪುಸ್ತಕಕ್ಕೂ ಅವರಲ್ಲಿ ರಿಯಾಯಿತಿಯಿಲ್ಲ. ‘ಬೆನ್ನಿನ ಮ್ಯಾಲಿನ ಹೆಸರು ನೋಡಿ ಪುಸ್ತಕ ನಂಬಬ್ಯಾಡ್ರಿ, ಒಳಗ ಮೊದಲನೇ ಪುಟ ತಗದ ನೋಡ್ರಿ’ ಎಂಬುದು ಅವರ ಮಂತ್ರಾಕ್ಷತೆ.

ಈ ಪುರಾಣದ ಕಡೆಗೊಂದು ಉಪಕಥೆ ತಪ್ಪದೆ ಬರುತ್ತಿತ್ತು. ಈ ಗ್ರಂಥಾಲಯದಲ್ಲಿ ಮೂವತ್ತು ವರ್ಷಗಳಲ್ಲಿ ಕಳೆದ ಪುಸ್ತಕ ಒಂದೇ ಒಂದು. ಅದರ ಹೆಸರು ‘ಎತ್ತುಗಳ ಉಪಚಾರ’. ಹಿರೇಕೆರೂರು ಕಡೆಯ ಒಬ್ಬ ಮಹಾನುಭಾವರು ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಅದನ್ನು ಓದಲೆಂದು ಒಯ್ದರು. ಪುಸ್ತಕವು ಎತ್ತಿನ ಗಾಡಿಯಲ್ಲಿ ಹೊರಟಿರುವುದರಿಂದ ಇನ್ನೂ ದಾರಿಯಲ್ಲಿದೆ. ಆಚಾರ್ಯರು ಆ ವಿದ್ಯಾರ್ಥಿಯ ಹೆಸರನ್ನೆಂದೂ ಹೇಳಿದವರಲ್ಲ. ಹೆಸರು ಹೇಳದಿರುವುದೇ ದೊಡ್ಡ ಸೌಜನ್ಯವೆಂದು ಅವರು ತಿಳಿದಿದ್ದರು. ಪುಸ್ತಕವನ್ನು ತಿರುಗಿ ಕೊಟ್ಟಿದ್ದೇನೆಂದು ಆ ಹುಡುಗ ಅಂದು ಎಷ್ಟು ಹೇಳಿದರೂ ದಾಖಲೆಯಲ್ಲಿ ಗುರುತಿರಲಿಲ್ಲ. ಅವನ ಗ್ರಂಥಾಲಯದ ಕಾರ್ಡನ್ನು ಅವರು ತಿರುಗಿ ಪಡೆದಿದ್ದರು. ಆ ಹುಡುಗನು ಗೆಳೆಯರ ಪುಸ್ತಕಗಳನ್ನು ಓದಿಕೊಂಡು ಪದವಿ ಮುಗಿಸಿದನೇ ಹೊರತು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಹತ್ತಾರು ವರ್ಷಗಳ ತರುವಾಯ ಬಸ್ಸಿನಲ್ಲಿ ಯಾರೋ ಆ ಹುಡುಗನ ಹೆಸರೆತ್ತಿ, ಹಂಸಭಾವಿಯ ಪರಮೇಶಪ್ಪ ಪುಸ್ತಕ ನೋಡಿ ಎತ್ತುಗಳಿಗೆ ಔಷಧ ಮಾಡುತ್ತಾನೆಂದು ಹೇಳಿದ್ದನ್ನು ಕೇಳಿ ಆಚಾರ್ಯರಿಗೆ ಉಳಿದಿದ್ದ ಸಂಶಯವೂ ಕಳೆದುಹೋಗಿತ್ತು. ಹೊಗೆಯಿದ್ದಲ್ಲಿ ಬೆಂಕಿ.

ಬರುವ ಮೇ ತಿಂಗಳಿಗೆ ಅವರ ನಿವೃತ್ತಿ. ಎರಡು ಸಾವಿರದ ಇಪ್ಪತ್ನಾಲ್ಕರ ಆ ಮಳೆಗಾಲದಲ್ಲಿ ಅವರು ತಮ್ಮ ಕಡೆಯ ತಂಡಕ್ಕೆ ಪುರಾಣ ಹೇಳಿದರು. ಎತ್ತಿನ ಗಾಡಿಯ ಮಾತಿಗೆ ಎಂದಿನಂತೆ ನಗೆ ಎದ್ದಿತು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲವೆಂಬುದು ಅವರ ಕಣ್ಣಿಗೆ ಬಿದ್ದರೂ, ಹೊಸ ಊರು, ಹಾಸ್ಟೆಲಿನ ಊಟ, ನಗು ಎಲ್ಲಿಂದ ಬಂದೀತು ಎಂದುಕೊಂಡು ಸುಮ್ಮನಾದರು.

ಅವಧಿ ಮುಗಿದ ಮೇಲೆ ಕಾರ್ಡುಗಳ ಪೆಟ್ಟಿಗೆಯ ಮುಂದೆ ಗುಂಪು ನೆರೆಯಿತು. ಗಣಕಯಂತ್ರವೊಂದು ಬಂದು ಕುಳಿತಿತ್ತಾದರೂ ಅದು ಕರೆಂಟಿನ ಕೃಪೆಯಲ್ಲಿದ್ದುದರಿಂದ, ಅಕಾರಾದಿಯಾಗಿ ಜೋಡಿಸಿದ ಹಳೆಯ ಕಾರ್ಡುಗಳಿಂದಲೇ ಆಚಾರ್ಯರು ಅಭ್ಯಾಸ ಮಾಡಿಸುತ್ತಿದ್ದರು. ಆ ಹುಡುಗಿ ‘ಯ’ ಅಕ್ಷರದ ಡ್ರಾಯರನ್ನು ಎಳೆದು ಒಂದೊಂದೇ ಕಾರ್ಡನ್ನು ಸರಿಸುತ್ತಿದ್ದಳು. ಯಂತ್ರ, ಯಕ್ಷಗಾನ, ಯತಿ, ಯಮುನೆ ಎಲ್ಲವೂ ಅವಳ ಬೆರಳಿನಡಿಯಲ್ಲಿ ಹಾದುಹೋದವು. ಏನು ಬೇಕೆಂದು ಆಚಾರ್ಯರು ಕೇಳಿದರು.

‘ಯತ್ತಿಂದು ಪುಸ್ತಕ್ರಿ ಸರ.’

ಸುತ್ತಲಿನವರು ಕಿಸಕ್ಕೆಂದರು. ಅವರೂ ಮನೆಯಲ್ಲಿ ಯತ್ತು, ಯಮ್ಮಿ ಎನ್ನುವವರೇ. ಆದರೆ ಸಿಕ್ಕಿಬಿದ್ದವಳು ಅವಳು. ಆಚಾರ್ಯರಿಗೂ ಚಾಪಲ್ಯ ತಡೆಯಲಿಲ್ಲ.

‘ತಂಗಿ, ಎತ್ತು ಕಟ್ಟಿದ್ದು ಎ-ಕಾರದ ಗ್ವಾದಲ್ಯಾಗ. ಯ-ಕಾರದ ಗ್ವಾದಲ್ಯಾಗ ಹುಡುಕಿದರ ಸಗಣೀನೂ ಸಿಗೂದಿಲ್ಲ.’

ಹುಡುಗಿ ಡ್ರಾಯರನ್ನು ಸದ್ದಿಲ್ಲದೆ ಮುಚ್ಚಿದಳು.

ಮರುವಾರ ಪ್ರತಿಯೊಬ್ಬರೂ ತಾವು ಹುಡುಕಬೇಕೆಂದಿರುವ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡುವುದು ವಾಡಿಕೆ. ಆ ಪ್ರಶ್ನೆಗೆ ಒಂದು ತಿಂಗಳಲ್ಲಿ ಬರವಣಿಗೆಯ ಸಾಕ್ಷಿ, ಬಾಯಿಮಾತಿನ ಸಾಕ್ಷಿ, ಕಣ್ಣಾರೆ ಕಂಡ ಸಾಕ್ಷಿಗಳನ್ನು ಕೂಡಿಸಿ ಉತ್ತರ ತರಬೇಕು. ಚೀಟಿಗಳಲ್ಲಿ ಸವಣೂರಿನ ಎಲೆಬಳ್ಳಿ ಇತ್ತು, ಅಬಲೂರಿನ ಗುಡಿಯಿತ್ತು, ಕ್ರಿಕೆಟ್ಟೂ ಇತ್ತು. ಆಚಾರ್ಯರು ಒಂದೊಂದಾಗಿ ತಲೆದೂಗುತ್ತ ಬಂದು ಒಂದು ಚೀಟಿಯ ಮೇಲೆ ನಿಂತರು. ‘ಎತ್ತುಗಳ ಉಪಚಾರ ಎಂಬ ಪುಸ್ತಕ ಎಲ್ಲಿ ಹೋಯಿತು? ಒಯ್ದವರು ತಂದು ಕೊಟ್ಟಿದ್ದರೋ ಇಲ್ಲವೋ?’ ಕೆಳಗೆ ‘ಮಧುಶ್ರೀ, ಬಿ.ಎ. ಮೊದಲ ವರ್ಷ’ ಎಂದಿತ್ತು.

ಅವಳನ್ನು ಕರೆದು, ಯಾರ ಪೈಕಿಯೆಂದು ಕೇಳಿದರು.

‘ಹಂಸಭಾವಿ ಪರಮೇಶಪ್ಪನ ಮಗಳ್ರಿ. ಆ ಗಾಡಿ ನಮ್ಮನೀಗೆ ಬಂದಿಲ್ರಿ ಸರ.’

ಆಚಾರ್ಯರು ಚೀಟಿಯನ್ನು ಮತ್ತೊಮ್ಮೆ ಓದಿದರು. ಇದು ಸಂಶೋಧನೆಯ ವಿಷಯವಲ್ಲ, ಬೇರೆ ಬರೆದು ತಾ ಎಂದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ವಾಕ್ಯವು ಅವರ ನಾಲಗೆಯ ತುದಿಗೂ ಬಂದಿತ್ತು. ಆದರೆ ಹುಡುಗಿಯ ತಲೆಯ ಹಿಂದೆ ಗೋಡೆಯ ಮೇಲೆ ಕೆಂಪು ಮಸಿಯ ಮೂರು ಪ್ರಶ್ನೆಗಳು ತಮ್ಮದೇ ಅಕ್ಷರದಲ್ಲಿ ತಮ್ಮನ್ನೇ ನೋಡುತ್ತಿದ್ದವು. ಹುಡುಗಿಯ ಉತ್ತರ ನಿಜವಾದರೆ ಮೂವತ್ತು ವರ್ಷ ಪ್ರಮಾಣಶಾಸ್ತ್ರ ಹೇಳಿದವನು ಇಪ್ಪತ್ತಾರು ವರ್ಷ ಒಬ್ಬನ ಮೇಲೆ ಅಪ್ರಮಾಣವಾಗಿ ಕಳ್ಳತನ ಹೊರಿಸಿಕೊಂಡು ತಿರುಗಿದಂತೆ. ಸುಳ್ಳಾದರೆ ಒಬ್ಬ ಮಗಳ ಮುಂದೆ ಅವಳ ತಂದೆಯೇ ಕಳ್ಳ. ಎರಡರಲ್ಲಿ ಯಾವುದೂ ಬೇಡವಾಗಿತ್ತು. ಚೀಟಿಯ ಮೇಲೆ ‘ಒಪ್ಪಿಗೆ’ ಎಂದು ಬರೆದು ಕೊಟ್ಟರು.

ಮುಂದಿನ ವಾರ ಅವಳು ಕಂದು ಕಾಗದದ ಹೊದಿಕೆ ಹಾಕಿದ ಉದ್ದನೆಯ ನೋಟ್‌ಬುಕ್ಕೊಂದನ್ನು ತಂದು ಮೇಜಿನ ಮೇಲಿಟ್ಟಳು. ತೆರೆದರೆ ಇಡೀ ‘ಎತ್ತುಗಳ ಉಪಚಾರ’ವು, ನೊಗದ ಹುಣ್ಣಿನಿಂದ ಹಿಡಿದು ಹೊಟ್ಟೆಯುಬ್ಬರದವರೆಗೆ, ಚಿತ್ರಸಹಿತವಾಗಿ ಕೈಬರಹದಲ್ಲಿ ಇಳಿದಿತ್ತು. ಊರಿನಲ್ಲಿ ಅಪ್ಪ ಅಂದು ನಕಲು ಮಾಡಿಕೊಂಡು ಇಂದಿಗೂ ನೋಡಿ ಔಷಧ ಮಾಡುವ ಪುಸ್ತಕ ಇದೇ ಎಂದಳು. ಕಡೆಯ ಪುಟದಲ್ಲಿ, ‘ಇಲ್ಲಿಗೆ ಮುಗಿಯಿತು. ನಾಳೆ ಪುಸ್ತಕ ಕಾಲೇಜಿಗೆ ಕೊಡಬೇಕು’ ಎಂಬ ಸಾಲು. ಕೆಳಗೆ ತೊಂಬತ್ತೆಂಟರ ಶ್ರಾವಣದ ಒಂದು ತಾರೀಖು.

ಬಸ್ಸಿನಲ್ಲಿ ಕೇಳಿದ ಮಾತು ಆಚಾರ್ಯರ ಕಿವಿಯಲ್ಲಿ ಮಗುಚಿ ಬಿದ್ದಿತು. ಪುಸ್ತಕ ನೋಡಿ ಔಷಧ ಮಾಡುತ್ತಾನೆಂಬುದು ನಿಜವೇ ಆಗಿತ್ತು. ಯಾವ ಪುಸ್ತಕವೆಂದು ತಾವು ಕೇಳಿರಲಿಲ್ಲ. ಆದರೂ ಶಾಸ್ತ್ರದ ಬಿಗಿ ಸಡಿಲಿಸುವ ಮನುಷ್ಯ ಅವರಲ್ಲ. ಕೊಡಬೇಕು ಎಂಬುದು ಸಂಕಲ್ಪವಾಯಿತೇ ಹೊರತು ಕೊಟ್ಟೆ ಎಂಬುದಕ್ಕೆ ಪ್ರಮಾಣವಾಗಲಿಲ್ಲವೆಂದು ಅವಳಿಗೆ ತಿಳಿಹೇಳಿದರು. ಹುಡುಗಿ ಬೇಸರಿಸಲಿಲ್ಲ. ಪುಸ್ತಕವನ್ನು ಅಂದು ತೆಗೆದುಕೊಂಡವರು ಯಾರಿರಬಹುದೆಂದು ಕೇಳಿದಳು. ತಾರೀಖಿಗೆ ಹಳೆಯ ಹಾಜರಿ ಪುಸ್ತಕ ತಾಳೆ ನೋಡಿದಾಗ, ಮರುದಿನದಿಂದ ಮೂರು ದಿನ ಆಚಾರ್ಯರೇ ರಜೆಯಲ್ಲಿದ್ದದ್ದು ಕಂಡಿತು: ರಾಯರ ಆರಾಧನೆ. ಆ ದಿನಗಳಲ್ಲಿ ಗ್ರಂಥಾಲಯದಲ್ಲಿದ್ದವರು ಸಿಪಾಯಿ ಶೇಖಸಾಬರೊಬ್ಬರೇ. ಅವರು ನಿವೃತ್ತರಾಗಿ ಹುಲಗೂರಿನಲ್ಲಿದ್ದಾರೆ.

ಭಾನುವಾರ ಮಧುಶ್ರೀ ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಹುಲಗೂರಿಗೆ ಹೋಗಿ, ದರ್ಗಾದ ಮುಂದಿನ ಬೇವಿನ ಗಿಡದ ಕೆಳಗೆ ಮುದುಕನನ್ನು ಹಿಡಿದಳು. ಸೋಮವಾರ ಬೆಳಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೇ ಬಂದು, ಬಾಯಿಮಾತಿನ ಸಾಕ್ಷಿ ತಂದಿದ್ದೇನೆಂದು ಹೇಳಿ ಮೊಬೈಲನ್ನು ಮೇಜಿನ ಮೇಲಿಟ್ಟು ಒತ್ತಿದಳು. ಕಾಗೆಯ ಕೂಗು, ಯಾರದೋ ಮೋಟಾರ್ ಸೈಕಲ್ಲು, ಅದರ ನಡುವೆ ಶೇಖಸಾಬರ ಆ ಗೊಗ್ಗರು ಧ್ವನಿ. ಆಚಾರ್ಯರಿಗೆ ಅರಿವಿಲ್ಲದೆಯೇ ನಗು ಬಂತು.

ಮುದುಕ ಹೇಳಿದ್ದರ ಸಾರವಿಷ್ಟು. ಪರಮೇಶಪ್ಪ ಪುಸ್ತಕ ತಂದು ಕೊಟ್ಟದ್ದು ನಿಜ. ಆದರೆ ಅದರ ರಟ್ಟನ್ನು ಅವನ ಮನೆಯ ಕರುವೊಂದು ಕಡಿದು ತಿಂದಿತ್ತು. ಆಚಾರ್ಯರಿಲ್ಲದ ದಿನ ನೋಡಿಯೇ ಹುಡುಗ ಬಂದಿದ್ದ. ಹೇಳಬೇಡಿರೆಂದು ಕಾಲು ಹಿಡಿಯುವಂತೆ ಕೇಳಿದ್ದ. ಕನಿಕರದಿಂದ ಶೇಖಸಾಬರು ಅದನ್ನು ದಾಖಲೆ ಮಾಡದೆ, ಸವಣೂರಿನ ಬೈಂಡರ್ ಇಜಾಜನಿಗೆ ಹೋಗಲಿದ್ದ ಹಳೆಯ ಪುಸ್ತಕಗಳ ಗಂಟಿನಲ್ಲಿ ಸೇರಿಸಿಬಿಟ್ಟರು. ವಾರದಲ್ಲಿ ಗಂಟು ನೀಲಿ ರೆಕ್ಸಿನಿನ ಹೊಸ ಉಡುಪಿನಲ್ಲಿ ಮರಳಿ ಬಂತು. ಬೆನ್ನುಗಳೆಲ್ಲ ಬೋಳು. ಶೇಖಸಾಬರು ಒಂದೊಂದನ್ನೇ ತೆರೆದು ಹೆಸರು ಓದುವುದು, ಆಚಾರ್ಯರು ಚೀಟಿ ಮತ್ತು ಕಾರ್ಡು ಬರೆಯುವುದು, ಹೀಗೆ ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿದಿತ್ತು. ವರ್ಷದ ಕೊನೆಗೆ ಪುಸ್ತಕ ಇಲ್ಲವೆಂಬ ಗದ್ದಲವೆದ್ದಾಗ, ಅದು ಬಂದಿದೆ, ನಾನೇ ಓದಿದ್ದೇನೆ ಎಂದು ಶೇಖಸಾಬರು ಹೇಳಿಯೂ ಇದ್ದರು. ಆಚಾರ್ಯರು ತಾವು ಬರೆದ ಚೀಟಿಗಳ ಪಟ್ಟಿಯನ್ನು ತೋರಿಸಿದರು. ಅದರಲ್ಲಿ ಎತ್ತು ಇರಲಿಲ್ಲ.

‘ಆಚಾರ್ರ ಅಕ್ಷರದ ಮುಂದ ನನ್ನ ನೆನಪು ಯಾವ ಗಿಡದ ತಪ್ಪಲವಾ?’ ಎಂದು ಮೊಬೈಲಿನೊಳಗಿನ ಮುದುಕ ನಕ್ಕ. ‘ಆದರ ಅಲ್ಲಾನ ಆಣಿ, ನಾ ಈ ಬಾಯಿಲೇ ಓದೇನಿ. ಯತ್ಗೋಳ ಉಪಚಾರ.’

ಮಧುಶ್ರೀ ಅದನ್ನು ನಿಲ್ಲಿಸಿ, ಹಿಂದೆ ಸರಿಸಿ, ಮತ್ತೊಮ್ಮೆ ಕೇಳಿಸಿದಳು. ಯತ್ಗೋಳ ಉಪಚಾರ.

ಇಪ್ಪತ್ತಾರು ವರ್ಷಗಳ ಹಿಂದೆ ಮಾಡಿದ್ದ ತಪ್ಪನ್ನು ಆಚಾರ್ಯರ ಕಿವಿಯು ಆ ಕ್ಷಣದಲ್ಲಿ ಚಾಚೂ ತಪ್ಪದೆ ಇನ್ನೊಮ್ಮೆ ಮಾಡಿತು. ಅವರಿಗೆ ಕೇಳಿಸಿದ್ದು ಎತ್ತುಗಳಲ್ಲ, ಯತಿಗಳು. ಆರಾಧನೆಯ ಮೂರು ದಿನ ಮಠದಲ್ಲಿ ಕುಳಿತು ಬಂದ ಕಿವಿ, ಅಷ್ಟೋತ್ತರ, ಅಲಂಕಾರ, ಹಸ್ತೋದಕಗಳಿಂದ ತುಂಬಿದ ಕಿವಿ, ಆ ಮಧ್ಯಾಹ್ನ ಉಪಚಾರವೆಂಬ ಮಾತಿನ ಹಿಂದೆ ಎತ್ತನ್ನು ಹೇಗೆ ಕಂಡೀತು? ಅವರ ಕಣ್ಣು ತಾನಾಗಿ ಧರ್ಮಗ್ರಂಥಗಳ ಕಪಾಟಿನ ಮೇಲುಸಾಲಿಗೆ ಏರಿತು.

‘ಯ ಅಕ್ಷರದಾಗ ಒಂದು ಕಾರ್ಡ್ ನೋಡಿದ್ದೆ ಅವತ್ತು’ ಎಂದಳು ಹುಡುಗಿ ಮೆಲ್ಲಗೆ. ‘ಯತಿಗಳ ಉಪಚಾರ. ಆ ಪುಸ್ತಕ ತೆರೆದು ನೋಡೀರೇನ್ರಿ ಸರ?’

ನೋಡಿರಲಿಲ್ಲ. ಇದಕ್ಕಿಂತ ಹೇಳಲಾಗದ ಸಂಗತಿಯೊಂದಿತ್ತು. ಪ್ರತಿವರ್ಷ ನವರಾತ್ರಿಯಲ್ಲಿ ಸರಸ್ವತಿಯ ಪೂಜೆಗೆ ಪವಿತ್ರವಾದ ಐದಾರು ಗ್ರಂಥಗಳನ್ನು ಆರಿಸಿ ಮಣೆಯ ಮೇಲಿಡುವುದು ಗ್ರಂಥಾಲಯದ ಪದ್ಧತಿ. ಯತಿಗಳ ಸೇವಾಕ್ರಮವನ್ನು ಹೇಳುವ ಗ್ರಂಥಕ್ಕೆ ಅದರಲ್ಲಿ ಮೊದಲ ಸ್ಥಾನ. ಪೂಜೆಗಿಟ್ಟ ಪುಸ್ತಕವನ್ನು ಆ ದಿನಗಳಲ್ಲಿ ಓದಬಾರದು. ಉಳಿದ ದಿನಗಳಲ್ಲಿ ಅಷ್ಟು ಎತ್ತರದಿಂದ ಇಳಿಸುವ ಪ್ರಸಂಗವೇ ಬರಲಿಲ್ಲ. ಇನ್ನು ವಾರ್ಷಿಕ ತಪಾಸಣೆಯ ಮಾತು. ಕಳೆದದ್ದನ್ನು ಹುಡುಕುವವರುಂಟು, ಹೆಚ್ಚಾಗಿರುವುದನ್ನು ಯಾರು ಹುಡುಕುತ್ತಾರೆ?

ಏಣಿಯನ್ನು ಹುಡುಗಿ ಹಿಡಿದಳು; ಆಚಾರ್ಯರೇ ಹತ್ತಿದರು. ನೀಲಿ ರೆಕ್ಸಿನಿನ ಮೇಲೆ ಅರಿಷಿಣ ಕುಂಕುಮದ ಪದರು ಪದರಾದ ಕಲೆಗಳು. ಬೆನ್ನಿನ ಮೇಲೆ ಮುತ್ತು ಪೋಣಿಸಿದಂಥ ತಮ್ಮದೇ ಅಕ್ಷರ. ಏಣಿಯ ಮೇಲೆ ನಿಂತೇ ಮೊದಲನೆಯ ಪುಟವನ್ನು ತೆರೆದರು. ಎರಡು ಕೊಂಬಿನ ದಷ್ಟಪುಷ್ಟವಾದ ಖಿಲಾರಿ ಎತ್ತೊಂದು ಅವರನ್ನು ಎವೆಯಿಕ್ಕದೆ ನೋಡಿತು.

ಹುಡುಗಿ ಕೆಳಗಿನಿಂದ, ಇದನ್ನು ತಾನು ಯಾರಿಗೂ ಹೇಳುವುದಿಲ್ಲ, ಅಪ್ಪನಿಗೊಬ್ಬನಿಗೆ ಹೇಳಿದರೆ ಸಾಕೆಂದಳು. ಆಚಾರ್ಯರು ಏಣಿಯಿಂದಿಳಿದು ಕನ್ನಡಕ ಒರೆಸಿಕೊಂಡರು.

‘ಹಂಗಲ್ಲವಾ. ಕಥಿ ನಾ ತರಗತಿಯೊಳಗ ಹೇಳೀನಿ. ಅದರ ಕಡೀ ಅಧ್ಯಾಯನೂ ಅಲ್ಲೇ ಆಗಬೇಕು. ಬುಧವಾರ ನೀ ಹೇಳು, ನಾ ಕೇಳ್ತೇನಿ.’

ಮನೆಯಲ್ಲಿ ಹೆಂಡತಿ ತುಳಸಾಬಾಯಿ ಎಲ್ಲವನ್ನೂ ಕೇಳಿ ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡರು; ಆಮೇಲೆ ತಡೆಯಲಾರದೆ ನಕ್ಕರು. ‘ಇಪ್ಪತ್ತಾರು ನವರಾತ್ರಿ ಎತ್ತಿಗೆ ಮಂತ್ರಪುಷ್ಪ ಹಾಕಿದ್ರಿ ಅಂದಂಗಾತು. ಇರ್ಲಿ ಬಿಡ್ರಿ, ಗೋಪಾಲಕೃಷ್ಣ ಬ್ಯಾಡ ಅಂದಿರೂದಿಲ್ಲ. ಆದರ ಆ ಹುಡುಗನ ಮನೀಗೆ ನೀವೇ ಹೋಗಬೇಕು. ಪತ್ರಾ ಗಿತ್ರಾ ನಡ್ಯೂದಿಲ್ಲ.’

ಬುಧವಾರ ಮಧುಶ್ರೀ ಎದ್ದು ನಿಂತು ತನ್ನ ಉತ್ತರವನ್ನು ಓದಿದಳು. ದಾಖಲೆ, ನೋಟ್‌ಬುಕ್ಕು, ಹುಲಗೂರಿನ ಧ್ವನಿ, ಕಡೆಗೆ ಮೇಜಿನ ಮೇಲೆ ಕುಂಕುಮಚರ್ಚಿತವಾದ ಆ ಪುಸ್ತಕ. ನಗುವಲ್ಲಿ ಹುಡುಗರು ನಕ್ಕರು, ಆಚಾರ್ಯರೂ ನಕ್ಕರು. ಅವರು ಎದ್ದು ಹೇಳಿದ್ದು ಬಹಳ ಚಿಕ್ಕದು. ಅನುಮಾನವೆಂಬುದು ಶಾಸ್ತ್ರದಲ್ಲಿ ಹೊಗೆಯಿಂದ ಬೆಂಕಿಗೆ ಹೋಗುವ ದಾರಿ. ನಮ್ಮ ಆಡುಮಾತಿನಲ್ಲಿ ಅದೇ ಶಬ್ದಕ್ಕೆ ಸಂಶಯವೆಂದು ಅರ್ಥ. ಮೊದಲನೆಯದನ್ನು ನಿಮಗೆ ಕಲಿಸುತ್ತ ಎರಡನೆಯದನ್ನು ನಾನು ಸಾಕಿಕೊಂಡಿದ್ದೆ. ಇಷ್ಟು ಹೇಳಿ, ಗೋಡೆಯ ಮೇಲಿನ ಮೂರನೆಯ ಪ್ರಶ್ನೆಯ ‘ನೀನು’ ಎಂಬಲ್ಲಿ ಕೆಂಪು ಪೆನ್ನಿನಿಂದ ‘ನಾನೂ’ ಎಂದು ಸೇರಿಸಿ ಕುಳಿತರು.

ಮರುಭಾನುವಾರ ಅವರು ಹಂಸಭಾವಿಯಲ್ಲಿ ಬಸ್ಸಿಳಿದರು. ಕೈಚೀಲದಲ್ಲಿ ಪುಸ್ತಕ, ಹಳೆಯ ದಾಖಲೆ, ಒಂದು ಹೊಸ ಕಾರ್ಡು. ಅಂಗಳದಲ್ಲಿ ಅವರನ್ನು ಎದುರುಗೊಂಡವಳು ಪರಮೇಶಪ್ಪನ ತಾಯಿ ಶಾರವ್ವ. ಮುದುಕಿ ಅಡಿಯಿಂದ ಮುಡಿಯವರೆಗೆ ನೋಡಿ, ಕೂಡಲು ಕಂಬಳಿ ಹಾಸಿದಳು.

‘ನನ್ನ ಮಗಗ ಪುಸ್ತಕದ ಕಳ್ಳ ಅಂದವ್ರು ನೀವೇನ್ರಿ? ನೋಡಾಕ ಭಾಳ ಶಾಣ್ಯಾರಿದ್ದಂಗ ಕಾಣ್ತೀರಿ. ಕುಂದರ್ರಿ, ಮಜ್ಜಿಗಿ ತರ್ತೇನಿ.’

ಆಚಾರ್ಯರಿಗೆ ಕೂಡುವ ಯೋಗವಿರಲಿಲ್ಲ. ಹಿತ್ತಿಲಿನಿಂದ ಯಾರೋ ಕರೆದರು. ಅಲ್ಲಿ ಪರಮೇಶಪ್ಪ ಎರಡೂ ಕೈಗೆ ಬೇವಿನೆಣ್ಣೆ ಅರಿಷಿಣ ಬಳಿದುಕೊಂಡು ನೆರೆಯವನ ಎತ್ತಿನ ಹೆಗಲ ಹುಣ್ಣಿಗೆ ಉಪಚಾರ ಮಾಡುತ್ತಿದ್ದ. ನೆರೆಯವನು ಬಿಸಿನೀರು ತರಲು ಹೋಗಿದ್ದ. ನಲವತ್ತಾರರ ಗಟ್ಟಿ ಆಳು. ಇಪ್ಪತ್ತರ ಹುಡುಗನ ಸಂಕೋಚದ ಕಣ್ಣು ಮಾತ್ರ ಹಾಗೆಯೇ ಇತ್ತು.

‘ಸರ, ಒಂದೀಟು ಈ ಹಗ್ಗ ಹಿಡೀರಿ. ಕೈ ಖಾಲಿ ಇಲ್ಲ ನೋಡ್ರಿ ನನಗ.’

ಮಡಿ ಮೈಲಿಗೆಯ ವಿಚಾರ ಬರುವ ಮೊದಲೇ ಹಗ್ಗ ಕೈಯಲ್ಲಿತ್ತು. ಎತ್ತು ಅವರ ಹಣೆಯ ಅಂಗಾರ ಅಕ್ಷತೆಯ ಕಡೆಗೆ ಒಮ್ಮೆ ಉಸಿರುಬಿಟ್ಟಿತು.

‘ಪರಮೇಶಪ್ಪ, ನಂದು ತಪ್ಪಾಗೇದರಿ’ ಎಂದರು ಆಚಾರ್ಯರು. ಶಿಷ್ಯನಾಗಿದ್ದವನಿಗೆ ಅವರು ‘ರಿ’ ಹಚ್ಚಿದ್ದು ಅದೇ ಮೊದಲು.

‘ಹಗ್ಗ ಬಿಗಿ ಹಿಡೀರಿ, ಒದೀತೈತಿ’ ಎಂದ ಪರಮೇಶಪ್ಪ. ಹುಣ್ಣಿಗೆ ಎಣ್ಣೆಯ ಬಟ್ಟೆ ಒತ್ತಿ ಮುಗಿಸಿದ. ಆಮೇಲೆ ಹೇಳಿದ: ಕರು ತಿಂದದ್ದನ್ನು ಅಂದೇ ಹೇಳಿದ್ದರೆ ಇಷ್ಟು ಬೆಳೆಯುತ್ತಿರಲಿಲ್ಲ, ಅಷ್ಟರಮಟ್ಟಿಗೆ ತಪ್ಪು ತನ್ನದೂ ಇದೆ. ಆದರೆ ಪ್ರತಿವರ್ಷ ಹೊಸ ಹುಡುಗರ ಮುಂದೆ ಗಾಡಿಯ ಕಥೆ ನಡೆಯುತ್ತದೆಂದು ಮೊದಮೊದಲು ಊರಿನ ಹುಡುಗರ ಬಾಯಲ್ಲಿ ಕೇಳಿದಾಗ ರಾತ್ರಿ ಊಟ ಸೇರುತ್ತಿರಲಿಲ್ಲ. ಮಗಳನ್ನು ಅದೇ ಕಾಲೇಜಿಗೆ ಹಾಕಿದ್ದು ಬೇಕಂತಲೇ.

ಆಚಾರ್ಯರು ಹಗ್ಗವನ್ನು ಎಡಗೈಗೆ ಸುತ್ತಿಕೊಂಡು, ಚೀಲದಿಂದ ಹಳೆಯ ದಾಖಲೆಯನ್ನು ತೆಗೆದು, ಇಪ್ಪತ್ತಾರು ವರ್ಷ ಖಾಲಿಯಿದ್ದ ಅಂಕಣದಲ್ಲಿ ‘ಬಂದಿದೆ’ ಎಂದು ಅವನ ಕಣ್ಣೆದುರಿಗೇ ಬರೆದು ಸಹಿ ಹಾಕಿದರು. ಆಮೇಲೆ ಪುಸ್ತಕವನ್ನು ಕೊಟ್ಟರು. ಪರಮೇಶಪ್ಪ ಅಂಗಿಗೆ ಕೈ ಒರೆಸಿಕೊಂಡು, ರೆಕ್ಸಿನಿನ ಮೇಲಿನ ಕುಂಕುಮ ನೋಡಿ ಬೆರಗಾದ. ಸಂಗತಿ ತಿಳಿದು, ಎತ್ತು ಬೆದರುವಂತೆ ನಕ್ಕ.

‘ನಾವು ಎತ್ತಿಗೆ ವರ್ಷಕ್ಕ ಒಂದು ಕಾರಹುಣ್ಣಿಮಿ ಮಾಡಿದ್ರ ನೀವು ನವರಾತ್ರಿಗೂ ಬಸವಣ್ಣಗ ಪೂಜಿ ಸಲ್ಲಿಸಿದ್ರೇನ್ರಿ ಸರ.’

ಪುಟ ತಿರುವುತ್ತ ಒಂದೆಡೆ ನಿಂತು, ಇಲ್ಲಿ ತಪ್ಪಿದೆ, ಇಂಥ ಹುಣ್ಣಿಗೆ ಸುಣ್ಣ ಹಚ್ಚಲೇಬಾರದು ಎಂದ. ಆಚಾರ್ಯರ ಬಾಯಿಂದ ಮೂವತ್ತು ವರ್ಷಗಳ ಅಭ್ಯಾಸ ತಾನಾಗಿ ಹೊರಬಿತ್ತು: ‘ನಿನಗ ಹೆಂಗ ಗೊತ್ತು?’

‘ಹಚ್ಚಿ ನೋಡೇನ್ರಿ. ಪ್ರತ್ಯಕ್ಷ’ ಎಂದ ಪರಮೇಶಪ್ಪ. ‘ಮಿರ್ಚಿ ಪಾಠ ಮರ್ತಿಲ್ರಿ ನಾ.’

ಆಚಾರ್ಯರು ಹೊಸ ಕಾರ್ಡಿನ ಮೇಲೆ ಅವನ ಹೆಸರು ಬರೆದು ಮುಂದೆ ಹಿಡಿದರು. ಊರಿನ ವಾಚಕರಿಗೆ ಪುಸ್ತಕ ಕೊಡುವ ಅಧಿಕಾರ ತಮಗಿದೆಯೆಂದೂ, ಹದಿನೈದು ದಿನಗಳ ಅವಧಿಯೆಂದೂ ಗಂಭೀರವಾಗಿ ಹೇಳಿದರು. ಪರಮೇಶಪ್ಪ ಕಾರ್ಡನ್ನು ಎರಡೂ ಕೈಯಿಂದ ಹಿಡಿದ. ಅದರ ಮೂಲೆಗೆ ಬೇವಿನೆಣ್ಣೆಯ ಬೆರಳಚ್ಚೊಂದು ಮೂಡಿತು.

‘ಈ ಸಲ ನೀವು ಇರೂ ದಿನಾನ ತಂದು ನಿಮ್ಮ ಕೈಯಾಗ ಕೊಡ್ತೇನಿ. ಹದಿನೈದು ದಿನದಾಗ ಆರಾಧನಿ ಗೀರಾಧನಿ ಏನೂ ಇಲ್ಲಲ್ರಿ?’

ಆಚಾರ್ಯರು ಮನಸ್ಸಿನಲ್ಲೇ ಪಂಚಾಂಗ ತೆರೆದು ನೋಡಿದರು. ‘ನಮ್ಮೊಳಗ ಆರಾಧನಿ ಇಲ್ಲದ ಹದಿನೈದು ದಿನ ಎಲ್ಲಿಂದ ತರ್ಲೆಪ್ಪಾ’ ಎಂದರು. ‘ನೀ ಬಾ. ನಾ ರಜಾ ಹಾಕೂದಿಲ್ಲ.’

ಎತ್ತಿನ ಹಗ್ಗ ಇನ್ನೂ ತಮ್ಮ ಕೈಯಲ್ಲೇ ಇದೆಯೆಂಬುದು ಶಾರವ್ವ ಮಜ್ಜಿಗೆಯ ತಂಬಿಗೆಯನ್ನು ಮುಂದೆ ಹಿಡಿದಾಗ ಅವರ ಗಮನಕ್ಕೆ ಬಂತು.